‘ಸಿಗಲಿಲ್ಲ’ ಎಂಬ ಸುಳ್ಳು ಸಾಕ್ಷಿ

ಕನ್ನಡ ಪುಸ್ತಕ ಮಾರುವ ಒಂದು ಜಾಲತಾಣ ಇದೆ ಎಂದಿಟ್ಟುಕೊಳ್ಳಿ. ಹೆಸರು ಬೇಡ. ಕುಂಬಳಕಾಯಿ ಕಳ್ಳ ಅಂದಾಗ ಯಾರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೋ ಅವರದೇ ತಾಣ ಅದು. ಮುಖಪುಟದ ನೆತ್ತಿಯ ಮೇಲೆ ಉದ್ದನೆಯ ಒಂದು ಪೆಟ್ಟಿಗೆ. ಅದರೊಳಗೆ ಮಸುಕು ಅಕ್ಷರಗಳಲ್ಲಿ ಆಹ್ವಾನ: ‘ಪುಸ್ತಕ, ಲೇಖಕ, ವಿಷಯ, ಏನು ಬೇಕಾದರೂ ಹುಡುಕಿ’. ನೀವು ನಂಬುತ್ತೀರಿ. ‘ತ್ರಿವೇಣಿ’ ಎಂದು ಟೈಪ್ ಮಾಡುತ್ತೀರಿ. ಚಕ್ರ ಎರಡು ಸುತ್ತು ತಿರುಗುತ್ತದೆ. ‘ಕ್ಷಮಿಸಿ, ನೀವು ಹುಡುಕಿದ್ದು ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ, ಜೊತೆಗೆ ಕಣ್ಣೀರು ಸುರಿಸುವ ಭೂತಗನ್ನಡಿಯ ಚಿತ್ರ. ಅದೇ ಪುಟದ ಕೆಳಗೆ, ‘ನಿಮಗೆ ಇವೂ ಇಷ್ಟವಾಗಬಹುದು’ ಎಂಬ ಸಾಲಿನಲ್ಲಿ, ‘ಶರಪಂಜರ’ ಶೇಕಡ 10 ರಿಯಾಯಿತಿಯಲ್ಲಿ ಆರಾಮಾಗಿ ಕೂತಿರುತ್ತದೆ. ಬರೆದವರು ತ್ರಿವೇಣಿ.

‘ಕುವೆಂಪು’ ಎಂದು ಹುಡುಕಿದರೆ ಇನ್ನೂ ಸೊಗಸು. ಕುವೆಂಪು ಅವರ ಬಗ್ಗೆ ಬೇರೆಯವರು ಬರೆದ ವಿಮರ್ಶೆ, ಸಂಸ್ಮರಣ ಗ್ರಂಥ, ಪರೀಕ್ಷೆಯ ಹಿಂದಿನ ರಾತ್ರಿ ಓದುವ ಗೈಡು, ಎಲ್ಲವೂ ಬರುತ್ತವೆ. ‘ಮಲೆಗಳಲ್ಲಿ ಮದುಮಗಳು’ ಬರುವುದಿಲ್ಲ. ಆ ಕಾದಂಬರಿಯ ಹೆಸರಿನಲ್ಲಿ ‘ಕುವೆಂಪು’ ಎಂಬ ಪದ ಇಲ್ಲವಲ್ಲ! ತಪ್ಪು ಕವಿಯದೇ. ದೂರದೃಷ್ಟಿ ಇದ್ದಿದ್ದರೆ 1967ರಲ್ಲೇ ‘ಕುವೆಂಪು ವಿರಚಿತ ಮಲೆಗಳಲ್ಲಿ ಮದುಮಗಳು’ ಎಂದು ಶೀರ್ಷಿಕೆ ಇಟ್ಟು, ಮುಂದೆ ಹುಟ್ಟಲಿರುವ ಸಾಫ್ಟ್‌ವೇರ್ ಮಕ್ಕಳಿಗೆ ಉಪಕಾರ ಮಾಡಬಹುದಿತ್ತು.

ಹುಡುಕಿದವರು ಮಾತ್ರ ‘ಸಿಗಲಿಲ್ಲ’ ಎನ್ನಬಹುದು. ಈ ಯಂತ್ರ ಹುಡುಕಿಯೇ ಇಲ್ಲ. ‘ಪುಸ್ತಕಗಳ ಹೆಸರನ್ನಷ್ಟೇ ನೋಡಿದೆ, ಲೇಖಕರ ಕೋಣೆಗೆ ಕಾಲಿಡಲಿಲ್ಲ, ಅನುವಾದಕರು ಎಂಬ ಜಾತಿಯೊಂದು ಇದೆಯೆಂದೇ ನನಗೆ ಗೊತ್ತಿಲ್ಲ’ ಎಂದಿದ್ದರೆ ಪ್ರಾಮಾಣಿಕ ಉತ್ತರ ಆಗುತ್ತಿತ್ತು. ಅದರ ಬದಲು, ಊರೆಲ್ಲ ತಿರುಗಿ ಬಂದವರ ಗತ್ತಿನಲ್ಲಿ, ಕ್ಷಮೆಯನ್ನೂ ಕೇಳಿ, ಇಲ್ಲ ಎಂದು ಪ್ರಮಾಣ ಮಾಡುತ್ತದೆ. ಗ್ರಾಹಕ ತನ್ನ ಕಾಗುಣಿತವನ್ನೇ ಅನುಮಾನಿಸುತ್ತಾ ಹೊರಟುಹೋಗುತ್ತಾನೆ.

ಇಷ್ಟಕ್ಕೂ ಈ ಅವಾಂತರದ ಬೇರು ಇರುವುದು ಒಂದು ಒಳ್ಳೆಯ ಕೆಲಸದಲ್ಲಿ. 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ರಿಲೇಷನಲ್ ಡೇಟಾಬೇಸ್‌ಗೆ ತಳಪಾಯ ಹಾಕಿದ ಪ್ರಬಂಧ ಬರೆದರು. ಆ ದಾರಿಯಲ್ಲಿ ಬೆಳೆದ ಶಿಸ್ತಿನ ಸಾರ ಇಷ್ಟೇ: ಒಂದು ಸಂಗತಿ ಒಂದೇ ಕಡೆ ಇರಬೇಕು. ಆದ್ದರಿಂದ ಪುಸ್ತಕದ ಟೇಬಲ್‌ನಲ್ಲಿ ಲೇಖಕರ ಹೆಸರು ಇರುವುದಿಲ್ಲ, ಒಂದು ನಂಬರ್ ಇರುತ್ತದೆ. ಉದಾಹರಣೆಗೆ 37. ಈ 37 ಯಾರು ಎಂಬುದನ್ನು ಲೇಖಕರ ಟೇಬಲ್ ಹೇಳಬೇಕು. ಕಾವ್ಯನಾಮಗಳದು ಬೇರೆ ಟೇಬಲ್, ಪ್ರಕಾಶಕರದು ಬೇರೆ, ವಿಷಯಗಳದು ಇನ್ನೊಂದು. ಪ್ರಕಾಶಕರು ಗಾಂಧಿನಗರದಿಂದ ರಾಜಾಜಿನಗರಕ್ಕೆ ಅಂಗಡಿ ಬದಲಿಸಿದರೆ ಒಂದೇ ಒಂದು ಸಾಲು ತಿದ್ದಿದರೆ ಸಾಕು, ಅವರ ಸಾವಿರ ಪುಸ್ತಕಗಳ ವಿಳಾಸವೂ ಸರಿಯಾಯಿತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಬ್ಯಾಂಕು, ರೈಲು, ಪಡಿತರ ಎಲ್ಲ ನಡೆಯುತ್ತಿರುವುದು ಇದೇ ಶಿಸ್ತಿನ ಮೇಲೆ.

ಹುಡುಕುವ ಯಂತ್ರದ ಬುದ್ಧಿ ಮಾತ್ರ ಇದಕ್ಕೆ ಪೂರಾ ಉಲ್ಟಾ. ಪ್ರತಿಯೊಂದು ಪದದ ಮುಂದೆ ಅದು ಯಾವ ಯಾವ ಪುಸ್ತಕದಲ್ಲಿ ಬರುತ್ತದೆ ಎಂಬ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡಿರುತ್ತದೆ, ಇದೇ ಇಂಡೆಕ್ಸ್. ಅದಕ್ಕೆ ಪುಸ್ತಕದ ಜಾತಕ ಇಡಿಯಾಗಿ ಒಂದೇ ಹಾಳೆಯಲ್ಲಿ ಬೇಕು: ಹೆಸರು, ಬರೆದವರು, ಅವರ ಕಾವ್ಯನಾಮ, ಅನುವಾದಕರು, ಪ್ರಕಾಶಕರು, ವಿಷಯ. ಡೇಟಾಬೇಸ್‌ನವರು ಕಷ್ಟಪಟ್ಟು ಬಿಡಿಬಿಡಿಯಾಗಿ ಇಟ್ಟದ್ದನ್ನು ಮತ್ತೆ ಒಟ್ಟುಮಾಡಿ ಕೊಡಬೇಕು. ಕೊಡದೆ ಹೋದರೆ? ‘37’ ಎಂದು ಬಂದದ್ದನ್ನು ಅದು ‘37’ ಎಂದೇ ಬರೆದುಕೊಳ್ಳುತ್ತದೆ. ಆ ತಾಣದ ಪೆಟ್ಟಿಗೆಯಲ್ಲಿ 37 ಎಂದು ಹೊಡೆದು ನೋಡಿ, ತ್ರಿವೇಣಿ ಸಿಕ್ಕರೂ ಸಿಕ್ಕಾರು.

ಯಾವ ಟೇಬಲ್‌ನಿಂದ ಏನನ್ನು ಎತ್ತಿಕೊಂಡು ಬಂದು ಈ ಹಾಳೆಗೆ ಅಂಟಿಸಬೇಕು ಎಂದು ಯಂತ್ರಕ್ಕೆ ಹೇಳುವುದು ನಾಲ್ಕಾರು ಸಾಲಿನ ಕೆಲಸ. ತಾಣ ಕಟ್ಟುವ ಸಲಕರಣೆ ರೈಲ್ಸ್ ಆಗಲಿ ಜ್ಯಾಂಗೊ ಆಗಲಿ, ಈ ಪುಸ್ತಕ ಆ ಲೇಖಕರಿಗೆ ಸೇರಿದ್ದು, ಆ ಲೇಖಕರಿಗೆ ಹಲವು ಪುಸ್ತಕಗಳುಂಟು ಎಂಬ ಸಂಬಂಧವನ್ನು ಪ್ರೋಗ್ರಾಮರ್ ಮೊದಲ ದಿನವೇ ಬರೆದಿರುತ್ತಾನೆ. ಡೇಟಾಬೇಸ್‌ಗೆ ಗೊತ್ತು, ಪುಸ್ತಕದ ಪುಟಕ್ಕೆ ಗೊತ್ತು, ಬಿಲ್ಲಿಗೂ ಗೊತ್ತು. ಹುಡುಕುವ ಪೆಟ್ಟಿಗೆಗೆ ಮಾತ್ರ ಯಾರೂ ಹೇಳಿಲ್ಲ. ಯಾಕೆ ಹೇಳಿಲ್ಲ ಎಂದರೆ, ಹೇಳುವುದು ಯಾರ ಕೆಲಸ ಎಂದು ತೀರ್ಮಾನವಾಗಿಲ್ಲ. ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್‌ಗೆ ಬನ್ನಿ.

“ಸರ್ಚ್‌ನಲ್ಲಿ ಆಥರ್ ಬರ್ತಿಲ್ಲ ಅಂತ ಮತ್ತೆ ಕಂಪ್ಲೇಂಟ್ ಬಂದಿದೆ,” ಎನ್ನುತ್ತಾರೆ ಪ್ರಾಡಕ್ಟ್ ಮ್ಯಾನೇಜರ್.

“ಸರ್, ಅದು ಬುಕ್ ಸರ್ಚು. ಆಥರ್ ಸರ್ಚ್ ಅಂತ ಟಿಕೆಟ್ಟೇ ಇರ್ಲಿಲ್ಲ.”

“ಬಾಕ್ಸ್ ಒಳಗೆ ‘ಲೇಖಕ’ ಅಂತ ಬರೆದಿದೆಯಲ್ರೀ?”

“ಅದು ಡಿಸೈನ್‌ನವ್ರು ಹಾಕಿದ್ದು ಸರ್.”

“ಡೇಟಾಬೇಸ್‌ನವ್ರು ಏನಂತೀರ?”

“ನಮ್ ಕಡೆ ಎಲ್ಲಾ ಕರೆಕ್ಟಾಗಿದೆ ಸರ್. ಟೇಬಲ್‌ಗಳನ್ನ ಜಾಯಿನ್ ಮಾಡ್ಕೊಂಡ್ರೆ ಬರತ್ತೆ.”

“ಜಾಯಿನ್ ಮಾಡಿದ್ರೆ ಸ್ಲೋ ಆಗತ್ತೆ, ಆಮೇಲೆ ನಮ್ಮನ್ನೇ ಬೈತೀರ.”

“ಸರಿ, ಪಾರ್ಕಿಂಗ್ ಲಾಟ್‌ಗೆ ಹಾಕೋಣ.”

ಬಗೆಹರಿಯದ ವಿಷಯಗಳನ್ನು ಬರೆದಿಡುವ ಬಿಳಿ ಹಲಗೆಯ ಮೂಲೆಗೆ ಪಾರ್ಕಿಂಗ್ ಲಾಟ್ ಎಂದು ಹೆಸರು. ಬೆಂಗಳೂರಿನಲ್ಲಿ ಯಾವ ಹೊತ್ತಿಗೆ ಹೋದರೂ ಜಾಗ ಸಿಗುವ ಪಾರ್ಕಿಂಗ್ ಅದೊಂದೇ.

ಅಂತೂ ದೂರು ಹೆಚ್ಚಿದಾಗ ರಿಪೇರಿ ಶುರುವಾಗುತ್ತದೆ. ಮೊದಲ ಮದ್ದು, ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್‌ನ ‘ಲೈಕ್’. ಪದದ ಹಿಂದೆ ಮುಂದೆ ಶೇಕಡಾ ಚಿಹ್ನೆ ಇಟ್ಟು, ಎಲ್ಲಿದ್ದರೂ ಹಿಡಿದು ತಾ ಎಂದು ಅಪ್ಪಣೆ ಕೊಡುವುದು. ಪದದ ಮೊದಲು ಆ ಚಿಹ್ನೆ ಇರುವ ತನಕ ಡೇಟಾಬೇಸ್‌ನ ಮಾಮೂಲಿ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಪ್ರತಿ ಸಲವೂ ಟೇಬಲ್ಲಿನ ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಓದಬೇಕು. ಐವತ್ತು ಪುಸ್ತಕ ಇಟ್ಟುಕೊಂಡು ಡೆಮೊ ತೋರಿಸಿದಾಗ ಮಿಂಚಿನ ವೇಗ, ಚಪ್ಪಾಳೆ. ಪುಸ್ತಕ ಹೆಚ್ಚಿದಂತೆ ಆಮೆಯ ನಡಿಗೆ. ಜೊತೆಗೆ, ‘ಲೈಕ್’ಗೆ ಪದ ಎಂದರೇನು ಎಂದು ಗೊತ್ತಿಲ್ಲ, ಅಕ್ಷರಗಳ ಸಾಲು ಮಾತ್ರ ಗೊತ್ತು. ‘ರಾಗಿ’ ಎಂದು ಹುಡುಕಿದ ರೈತನಿಗೆ ವೈರಾಗಿಗಳ ಚರಿತ್ರೆ ಬರುತ್ತದೆ. ಬೆಂಬಲ ಬೆಲೆಯ ಸ್ಥಿತಿ ನೋಡಿದರೆ ಅದೂ ಓದಿಕೊಂಡಿರಲಿ ಎಂದಿರಬಹುದು.

ಎರಡನೆಯದು, ಡೇಟಾಬೇಸ್‌ಗಳಲ್ಲೊಂದಾದ ಮೈಎಸ್‌ಕ್ಯೂಎಲ್‌ನ ಫುಲ್‌ಟೆಕ್ಸ್ಟ್ ಇಂಡೆಕ್ಸ್. ಅದರ ಇನ್ನೊಡಿಬಿ ಎಂಜಿನ್ ಮೂರು ಅಕ್ಷರಕ್ಕಿಂತ ಚಿಕ್ಕ ಪದಗಳನ್ನು, ನೀವಾಗಿಯೇ ಬದಲಿಸುವ ತನಕ, ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿನ ಚಿಲ್ಲರೆ ಪದಗಳನ್ನು ಹೊರಗಿಡುವುದು ಉದ್ದೇಶ. ಕನ್ನಡದಲ್ಲಿ ಎರಡೇ ಅಕ್ಷರದವು ಯಾವುವು ಎಂದು ಎಣಿಸಿ ನೋಡಿ: ಜನ, ಹಣ, ಮತ. ಮೂರನ್ನೂ ತೆಗೆದುಹಾಕಿದ ಮೇಲೆ ನಮ್ಮ ಪತ್ರಿಕೆಗಳಲ್ಲಿ ಉಳಿಯುವುದು ಹವಾಮಾನ ವರದಿ ಮಾತ್ರ.

ಮೂರನೆಯದು ಸ್ಫಿಂಕ್ಸ್. ಆಂಡ್ರೇ ಅಕ್ಸ್ಯೋನೋವ್ ಎಂಬ ರಷ್ಯದ ಪ್ರೋಗ್ರಾಮರ್ ಕಟ್ಟಿದ, ನಿಜಕ್ಕೂ ವೇಗದ ಯಂತ್ರ. ರೈಲ್ಸ್‌ನಲ್ಲಿ ಇದನ್ನು ಬಳಸಲು ‘ಥಿಂಕಿಂಗ್ ಸ್ಫಿಂಕ್ಸ್’ ಎಂಬ ಜೋಡಣೆ ಬಂತು. ಸಂಬಂಧಪಟ್ಟ ಟೇಬಲ್‌ಗಳನ್ನು ಇಂಡೆಕ್ಸಿಗೆ ಸೇರಿಸುವುದು ಅದರಲ್ಲಿ ಒಂದೇ ಸಾಲಿನ ಮಾತು: ಲೇಖಕರು, ಚುಕ್ಕಿ, ಹೆಸರು. ಇಷ್ಟು ಬರೆದರೆ ಜಾಯಿನ್ ಎಲ್ಲ ಅದೇ ಮಾಡಿಕೊಳ್ಳುತ್ತದೆ. ಎಲ್ಲರೂ ನಿಟ್ಟುಸಿರು ಬಿಟ್ಟರು. ಆಮೇಲೆ ಕನ್ನಡ ಹಾಕಿ ನೋಡಿದರು. ಹಳೆಯ ಆವೃತ್ತಿಗಳಲ್ಲಿ ಸ್ಫಿಂಕ್ಸ್ ಅಕ್ಷರ ಎಂದು ಒಪ್ಪುತ್ತಿದ್ದ ಮೂಲ ಪಟ್ಟಿಯಲ್ಲಿ ಇದ್ದದ್ದು ಇಂಗ್ಲಿಷ್ ಮತ್ತು ರಷ್ಯನ್ ಲಿಪಿಗಳು ಮಾತ್ರ. ಪಟ್ಟಿಯಲ್ಲಿಲ್ಲದ್ದೆಲ್ಲ ಅದರ ಲೆಕ್ಕದಲ್ಲಿ ಪದಗಳ ನಡುವಿನ ಖಾಲಿ ಜಾಗ. ಅಂದರೆ ಪಂಪನಿಂದ ಇಂದಿನ ತನಕದ ಕನ್ನಡ ಸಾಹಿತ್ಯ ಒಂದು ಉದ್ದನೆಯ ಸ್ಪೇಸ್. ಪಟ್ಟಿಗೆ ಕನ್ನಡದ ಅಕ್ಷರಗಳನ್ನು ಕೈಯಾರೆ ಸೇರಿಸಬಹುದಿತ್ತು. ಸೇರಿಸಿದ ಪುಣ್ಯಾತ್ಮರೂ ಇದ್ದರು. ಉಳಿದವರು ‘ಡೇಟಾ ಖಾಲಿ ಇದೆ’ ಎಂದು ಟಿಕೆಟ್ ಮುಚ್ಚಿದರು.

ಅಕ್ಷರದ ಪಟ್ಟಿ ಸರಿಮಾಡಿದವರನ್ನು ಕಾದು ಕೂತಿದ್ದ ಇನ್ನೊಂದು ಗುಂಡಿ ಮೈಎಸ್‌ಕ್ಯೂಎಲ್‌ನಲ್ಲಿತ್ತು. ಒಬ್ಬ ಲೇಖಕರ ಎಲ್ಲ ಪುಸ್ತಕಗಳ ಹೆಸರನ್ನು ಒಂದೇ ದಾರದಲ್ಲಿ ಪೋಣಿಸಿ ಇಂಡೆಕ್ಸಿಗೆ ಕೊಡಲು ಬಳಸುವ ‘ಗ್ರೂಪ್ ಕಾನ್‌ಕ್ಯಾಟ್’ ಎಂಬ ಸೌಲಭ್ಯಕ್ಕೆ 1024 ಬೈಟ್‌ಗಳ ಮಿತಿ ಮೊದಲಿಂದಲೇ ಇಟ್ಟಿರುತ್ತದೆ. ಅದಕ್ಕಿಂತ ಉದ್ದವಾದರೆ ಬಾಲವನ್ನು ಕತ್ತರಿಸಿ, ಯಾರೂ ಓದದ ಕಡೆ ಒಂದು ಎಚ್ಚರಿಕೆ ಗೊಣಗಿ ಸುಮ್ಮನಾಗುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಅದೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ, 18 ಬೈಟ್. ಇಂಗ್ಲಿಷ್ ಲೇಖಕನಿಗೆ ಎಕರೆ ಸಿಕ್ಕ ಕಡೆ ಕನ್ನಡದವರಿಗೆ ಹದಿಮೂರು ಗುಂಟೆ. ಕಾದಂಬರಿ, ನಾಟಕ, ವಿಜ್ಞಾನ, ಯಕ್ಷಗಾನ ಎಂದು ಮಿತಿಯಿಲ್ಲದೆ ಬರೆದ ಕಾರಂತರ ಶೀರ್ಷಿಕೆಗಳು ಅದರಲ್ಲಿ ಹಿಡಿಸುವುದುಂಟೇ? ಪಟ್ಟಿಯ ಮೊದಲಲ್ಲಿದ್ದವು ಬದುಕಿಕೊಂಡವು. ಎಲ್ಲಿ ಕಡಿಯಿತೋ ಅಲ್ಲಿಂದಾಚೆಯ ಪುಸ್ತಕಗಳ ಹೆಸರು ಹೊಡೆದರೆ ಕಾರಂತರೇ ಸಿಗುವುದಿಲ್ಲ. ಮಿತಿ ಏರಿಸುವುದು ಒಂದು ಸಾಲಿನ ಕೆಲಸ. ಆದರೆ ದೋಷವೇ ಕಾಣದ ಕಡೆ ಆ ಒಂದು ಸಾಲನ್ನು ಬರೆಯಬೇಕೆಂದು ಯಾರಿಗೆ ಹೊಳೆಯಬೇಕು? ಪರೀಕ್ಷೆ ಮಾಡಿದವರು ಎರಡೇ ಪುಸ್ತಕ ಬರೆದ ಲೇಖಕರನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದ್ದರು. ಹಸಿರು ಟಿಕ್ ಬಿದ್ದಿತ್ತು.

ಇಷ್ಟಾದ ಮೇಲೆ ಕನ್ಸಲ್ಟೆಂಟ್ ಬರುತ್ತಾರೆ.

ಕನ್ಸಲ್ಟೆಂಟ್ ಬಾಯಲ್ಲಿ ಮೊದಲು ಬರುವ ಹೆಸರು ಎಲಾಸ್ಟಿಕ್‌ಸರ್ಚ್. ಅದರ ಹುಟ್ಟಿನ ಕಥೆಯನ್ನು ಆ ಕಂಪನಿಯೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಶೇ ಬ್ಯಾನನ್ ಎಂಬ ಪ್ರೋಗ್ರಾಮರ್ ಹೆಂಡತಿಯ ಜೊತೆ ಲಂಡನ್ನಿಗೆ ಹೋಗಿದ್ದ. ಆಕೆ ಅಡುಗೆ ಕಲಿಯುತ್ತಿದ್ದಳು, ಈತನಿಗೆ ಕೆಲಸ ಇರಲಿಲ್ಲ. ಅವಳ ಪಾಕವಿಧಾನಗಳನ್ನು ಹುಡುಕಲು ಒಂದು ಸಲಕರಣೆ ಮಾಡಿಕೊಡುತ್ತೇನೆಂದು ಕೂತ. ಆ ಕೂತದ್ದು ಕೊನೆಗೆ 2010ರಲ್ಲಿ ಎಲಾಸ್ಟಿಕ್‌ಸರ್ಚ್ ಆಯಿತು, 2018ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಸೇರಿತು. ಹೆಂಡತಿಗೆ ಆ ಪಾಕವಿಧಾನದ ಆ್ಯಪ್ ಇನ್ನೂ ಸಿಕ್ಕಿಲ್ಲವಂತೆ. ಕಂಪನಿ ಇದನ್ನು ತಮಾಷೆಯಾಗಿ ಹೇಳುತ್ತದೆ. ನನಗೆ ಇದು ಆ ಉದ್ಯಮದ ಬಗ್ಗೆ ಯಾರೂ ಬರೆಯದ ಪ್ರಾಮಾಣಿಕ ವಾರ್ಷಿಕ ವರದಿಯಂತೆ ಕಾಣುತ್ತದೆ.

ನಮ್ಮ ತಾಣದಲ್ಲಿ ಇರುವುದು ಆರು ಸಾವಿರ ಪುಸ್ತಕ. ಒಂದು ಸಾಧಾರಣ ಫೋನಿನಲ್ಲಿ ಅದರ ಎಲ್ಲ ಮಾಹಿತಿ ಹಿಡಿಸಿ, ಮದುವೆ ವಿಡಿಯೋಗೂ ಜಾಗ ಉಳಿಯುತ್ತದೆ. ಕನ್ಸಲ್ಟೆಂಟ್ ಮೂರು ಸರ್ವರುಗಳ ಕ್ಲಸ್ಟರ್ ಬರೆದುಕೊಡುತ್ತಾರೆ. ಒಂದು ಬಿದ್ದರೆ ಇನ್ನೊಂದು ಇರಲಿ ಎಂದು. ತಿಂಗಳ ಬಿಲ್ಲು ಆ ತಿಂಗಳ ಪುಸ್ತಕದ ಲಾಭವನ್ನು ನುಂಗಿ ನೀರು ಕುಡಿಯುತ್ತದೆ. ಇರಲಿ, ಈಗಲಾದರೂ ತ್ರಿವೇಣಿ ಸಿಗುತ್ತಾರೆಯೇ? ಸಿಗುತ್ತಾರೆ. ಇಲ್ಲದವರೂ ಸಿಗಲು ಶುರುವಾಗುತ್ತಾರೆ.

ಹೇಗೆಂದರೆ, ಒಂದು ಪ್ರಬಂಧ ಸಂಕಲನ ಇದೆ ಎನ್ನಿ. ಅದರಲ್ಲಿ ಶಿವರಾಮ ಕಾರಂತರದೂ ದತ್ತಾತ್ರೇಯ ಬೇಂದ್ರೆಯವರದೂ ಬರಹಗಳಿವೆ. ಇಬ್ಬರ ಹೆಸರನ್ನೂ ಪುಸ್ತಕದ ಹಾಳೆಗೆ ಅಂಟಿಸಿ ಕೊಟ್ಟಿರಿ. ವಿಶೇಷವಾಗಿ ಏನೂ ಹೇಳದಿದ್ದರೆ ಎಲಾಸ್ಟಿಕ್‌ಸರ್ಚ್ ಅದನ್ನು ಚಪ್ಪಟೆ ಮಾಡಿ ಎರಡು ಚೀಲಗಳಲ್ಲಿ ತುಂಬುತ್ತದೆ. ಮೊದಲ ಹೆಸರುಗಳ ಚೀಲ: ಶಿವರಾಮ, ದತ್ತಾತ್ರೇಯ. ಕುಲನಾಮಗಳ ಚೀಲ: ಕಾರಂತ, ಬೇಂದ್ರೆ. ಯಾವ ಹೆಸರು ಯಾವುದರ ಜೊತೆ ಎಂಬುದು ಅಳಿಸಿಹೋಯಿತು. ಈಗ ‘ದತ್ತಾತ್ರೇಯ ಕಾರಂತ’ ಎಂಬ ಲೇಖಕರನ್ನು ಕೇಳಿ, ‘ಹೌದು, ಇದ್ದಾರೆ’ ಎನ್ನುತ್ತದೆ. 1973ರ ಜ್ಞಾನಪೀಠವೂ 1977ರ ಜ್ಞಾನಪೀಠವೂ ಒಂದೇ ದೇಹದಲ್ಲಿ. ಧಾರವಾಡ ಮತ್ತು ಪುತ್ತೂರಿನ ನಡುವೆ ಎಲ್ಲೋ, ಬಹುಶಃ ಯಲ್ಲಾಪುರದ ಘಟ್ಟದಲ್ಲಿ, ಈ ಮಹಾಲೇಖಕರಿಗೆ ಸ್ಮಾರಕ ಟ್ರಸ್ಟ್ ಸ್ಥಾಪಿಸಿ ಅನುದಾನ ಕೇಳುವುದೊಂದು ಬಾಕಿ.

ಇದಕ್ಕೆ ಮದ್ದಿಲ್ಲವೆಂದಲ್ಲ. ‘ನೆಸ್ಟೆಡ್’ ಎಂದು ಘೋಷಿಸಿದರೆ ಪ್ರತಿ ಲೇಖಕರ ಹೆಸರೂ ಕುಲನಾಮವೂ ಜೊತೆಯಾಗಿಯೇ ಉಳಿಯುತ್ತವೆ. ಬೆಲೆ ಬೇರೆ ಕಡೆ ತೆರಬೇಕು: ನೆಸ್ಟೆಡ್ ಆದದ್ದೆಲ್ಲ ಒಳಗೊಳಗೇ ಬೇರೆ ಬೇರೆ ದಾಖಲೆಗಳಾಗಿ ಕೂರುತ್ತದೆ. ಒಂದು ಪುಸ್ತಕಕ್ಕೆ ನೂರು ಓದುಗರ ಅಭಿಪ್ರಾಯ ಇದ್ದರೆ 101 ದಾಖಲೆ. ಅದರಲ್ಲೊಬ್ಬ ಓದುಗ ‘ಚನ್ನಾಗಿದೆ’ ಎಂದು ಬರೆದದ್ದನ್ನು ‘ಚೆನ್ನಾಗಿದೆ’ ಎಂದು ತಿದ್ದಿದರೆ 101ನ್ನೂ ಹೊಸದಾಗಿ ಬರೆಯಬೇಕು. ತಂದೆ-ಮಗು ಸಂಬಂಧ ಹೇಳುವ ಇನ್ನೊಂದು ವಿಧಾನವೂ ಉಂಟು. ಅದನ್ನು ಡೇಟಾಬೇಸ್‌ನ ಜಾಯಿನ್ ಎಂದುಕೊಂಡು ಬಳಸಬೇಡಿ ಎಂದು ಎಲಾಸ್ಟಿಕ್‌ಸರ್ಚ್‌ನದೇ ಕೈಪಿಡಿ ಎಚ್ಚರಿಸುತ್ತದೆ. ಕೈಪಿಡಿ ಓದುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಆ ಎಚ್ಚರಿಕೆಯಿಂದ ಯಾರಿಗೂ ತೊಂದರೆಯಾಗಿಲ್ಲ.

ನಿಜವಾದ ನಾಟಕ ಶುರುವಾಗುವುದು ಇಂಡೆಕ್ಸ್ ಕಟ್ಟಿದ ಮಾರನೆಯ ದಿನ. ಒಂದು ಸಂಗತಿ ಒಂದೇ ಕಡೆ ಇರಲಿ ಎಂಬ ಕಾಡ್ ಅವರ ವ್ರತವನ್ನು ಈಗ ಮುರಿದಾಗಿದೆ. ಒಬ್ಬ ಲೇಖಕಿಯ ಹೆಸರು ಲೇಖಕರ ಟೇಬಲ್‌ನಲ್ಲೂ ಇದೆ, ಅವರ ಇಪ್ಪತ್ತು ಪುಸ್ತಕಗಳ ಹಾಳೆಗಳಲ್ಲೂ ಇದೆ. ಆಕೆ ಕಚೇರಿಗೆ ಫೋನ್ ಮಾಡಿ, “ನನ್ನ ಹೆಸರಿನ ಕಾಗುಣಿತ ತಪ್ಪಾಗಿದೆ ಕಣಪ್ಪ, ‘ಶ’ ಅಲ್ಲ ‘ಷ’,” ಎನ್ನುತ್ತಾರೆ. ಹುಡುಗ ಲೇಖಕರ ಟೇಬಲ್‌ನಲ್ಲಿ ತಿದ್ದುತ್ತಾನೆ. ಪುಸ್ತಕದ ಪುಟ ತೆರೆದರೆ ಸರಿಯಾಗಿದೆ. ಹುಡುಕಿದರೆ ತಪ್ಪು ಹೆಸರೇ ಸಿಗುತ್ತದೆ, ಸರಿಯಾದ ಹೆಸರು ಹೊಡೆದರೆ ‘ಸಿಗಲಿಲ್ಲ’. ಪುಸ್ತಕ ಬದಲಾದಾಗ ಇಂಡೆಕ್ಸ್ ಬದಲಿಸು ಎಂದು ಪ್ರೋಗ್ರಾಮರ್ ಬರೆದಿದ್ದ. ಇಲ್ಲಿ ಪುಸ್ತಕ ಬದಲಾಗಿಲ್ಲ, ಲೇಖಕಿ ಬದಲಾಗಿದ್ದಾರೆ. ಲೇಖಕಿ ಬದಲಾದರೆ ಅವರ ಪುಸ್ತಕಗಳನ್ನೆಲ್ಲ ಎಬ್ಬಿಸು ಎಂದು ಯಾರೂ ಬರೆದಿರಲಿಲ್ಲ.

ಬರೆದರೂ ಪೂರ್ತಿ ಪಾರಾಗುವುದಿಲ್ಲ. ನೂರು ಸಾಲುಗಳನ್ನು ಒಟ್ಟಿಗೆ ತಿದ್ದುವ ಆಜ್ಞೆ ಇದೆಯಲ್ಲ, ಅದು ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನೇ, ಅಂದರೆ ರೈಲ್ಸ್‌ನಲ್ಲಿ ಕಾಲ್‌ಬ್ಯಾಕ್‌ಗಳನ್ನೂ ಜ್ಯಾಂಗೊದಲ್ಲಿ ಸಿಗ್ನಲ್‌ಗಳನ್ನೂ ದಾಟಿ ನೇರ ಡೇಟಾಬೇಸಿಗೆ ಹೋಗುತ್ತದೆ. ವೇಗ ಬರುವುದೇ ಅದರಿಂದ. ಇಂಡೆಕ್ಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಇದರ ತದ್ವಿರುದ್ಧವೂ ನಡೆಯುತ್ತದೆ: ವ್ಯವಹಾರ ಪೂರ್ತಿಯಾಗುವ ಮೊದಲೇ ಇಂಡೆಕ್ಸಿಗೆ ಸುದ್ದಿ ಕೊಟ್ಟರು, ಆಮೇಲೆ ಡೇಟಾಬೇಸ್ ಏನೋ ತಕರಾರಿನಿಂದ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಂಡಿತು. ಪುಸ್ತಕ ಹುಟ್ಟಲೇ ಇಲ್ಲ, ಹುಡುಕಾಟದಲ್ಲಿ ಮಾತ್ರ ಜೀವಂತ. ಕ್ಲಿಕ್ ಮಾಡಿದರೆ 404.

ಇಷ್ಟೂ ರೋಗಕ್ಕೆ ಒಂದು ಸರ್ವರೋಗ ನಿವಾರಿಣಿ ಎಲ್ಲ ಕಚೇರಿಗಳಲ್ಲೂ ಇದೆ: ರಾತ್ರಿ ಎರಡು ಗಂಟೆಗೆ ಇಡೀ ಇಂಡೆಕ್ಸನ್ನು ಕೆಡವಿ ಮೊದಲಿಂದ ಕಟ್ಟುವ, ಹೊತ್ತಿಗೆ ಸರಿಯಾಗಿ ತಾನೇ ಓಡುವ ಕ್ರಾನ್. ಏನು ಕೇಳಿದರೂ “ನಾಳೆ ಬೆಳಗ್ಗೆ ನೋಡಿ ಮೇಡಂ, ಸರಿಹೋಗಿರತ್ತೆ” ಎನ್ನಬಹುದು. ತಾಲ್ಲೂಕು ಕಚೇರಿಯಲ್ಲಿ ಇದೇ ಮಾತು ಹೇಳಿದರೆ ಭ್ರಷ್ಟಾಚಾರ ಎನ್ನುತ್ತೇವೆ. ಇಲ್ಲಿ ಅದರ ಹೆಸರು ‘ಇವೆಂಚುವಲ್ ಕನ್ಸಿಸ್ಟೆನ್ಸಿ’. ಆ ಕಟ್ಟೋಣವೂ ನೋಡುವಂಥದ್ದು. ಆರು ಸಾವಿರ ಪುಸ್ತಕ ತರಲು ಒಂದು ಪ್ರಶ್ನೆ. ಆಮೇಲೆ ಪ್ರತಿ ಪುಸ್ತಕಕ್ಕೂ ಲೇಖಕರು ಯಾರು, ಪ್ರಕಾಶಕರು ಯಾರು, ಅನುವಾದಕರು ಯಾರು, ವಿಷಯ ಏನು ಎಂದು ನಾಲ್ಕು ನಾಲ್ಕು ಪ್ರಶ್ನೆ. ಒಟ್ಟು 24,001. ಎಲ್ಲವನ್ನೂ ಮೊದಲೇ ಒಟ್ಟಿಗೆ ತಾ ಎಂದು ಒಂದು ಪದ ಸೇರಿಸಿದ್ದರೆ ಐದು ಪ್ರಶ್ನೆಗಳಲ್ಲಿ ಮುಗಿಯುತ್ತಿತ್ತು. ಅದರ ಬದಲು ಇನ್ನೂ ದೊಡ್ಡ ಸರ್ವರ್ ತೆಗೆದುಕೊಳ್ಳಲಾಯಿತು.

ಇನ್ನು ಭಾಷೆಯ ಕಡೆ ಬನ್ನಿ. ಸಂಬಂಧಗಳೆಲ್ಲ ಕೂಡಿಬಂದು, ಲೇಖಕರ ಹೆಸರು ಹಾಳೆಗೆ ಅಂಟಿಕೊಂಡು, ಇಂಡೆಕ್ಸ್ ಹೊಸದಾಗಿದ್ದರೂ ಬೇಂದ್ರೆ ಸಿಗುವುದಿಲ್ಲ. ನಮ್ಮವರು ‘ದ.ರಾ.ಬೇಂದ್ರೆ’ ಎಂದು ಚುಕ್ಕಿಯ ನಂತರ ಜಾಗ ಬಿಡದೆ ಬರೆಯುತ್ತಾರೆ. ಎಲಾಸ್ಟಿಕ್‌ಸರ್ಚ್‌ನ ಮಾಮೂಲಿ ವಿಧಾನ ಯೂನಿಕೋಡ್ ನಿಯಮದಂತೆ ಪದ ಒಡೆಯುತ್ತದೆ. ಆ ನಿಯಮದಲ್ಲಿ ಎರಡು ಅಕ್ಷರಗಳ ನಡುವೆ ಸಿಕ್ಕಿಕೊಂಡ ಚುಕ್ಕಿ ಪದವನ್ನು ಬೇರ್ಪಡಿಸುವುದಿಲ್ಲ. ಹಾಗಾಗಿ ‘ದ.ರಾ.ಬೇಂದ್ರೆ’ ಇಡಿಯಾಗಿ ಒಂದೇ ಪದ. ‘ಬೇಂದ್ರೆ’ ಎಂದು ಕೇಳಿದರೆ ಅಂಥವರು ಯಾರೂ ಇಲ್ಲ. ಸಾಧನಕೇರಿಯ ಅವರ ಮನೆಯೆದುರು ನಿಂತು ಬಾಗಿಲು ಬಡಿದರೂ, ಚುಕ್ಕಿಗಳ ಸಮೇತ ಕರೆಯದ ಹೊರತು ಓಗೊಡುವುದಿಲ್ಲ.

ಪೈಥಾನ್‌ನಲ್ಲಿ ‘ಪದ’ವನ್ನು ಗುರುತಿಸಲು ಎಲ್ಲರೂ ಬಳಸುವ ಪುಟ್ಟ ಮಂತ್ರವೊಂದಿದೆ. ಅದಕ್ಕೆ ವ್ಯಂಜನ ಅಕ್ಷರ, ಒತ್ತು-ಗುಣಿತ ಅಕ್ಷರವಲ್ಲ. ‘ಕನ್ನಡ’ ಎಂಬ ಪದವನ್ನು ಕೊಟ್ಟರೆ ಅರ್ಧಾಕ್ಷರದ ಬಳಿ ಮುರಿದು ‘ಕನ’, ‘ನಡ’ ಎಂಬ ಎರಡು ತುಂಡು ಕೈಗಿಡುತ್ತದೆ. ಭಾಷೆಯ ಹೆಸರನ್ನೇ ಒಡೆದು ಹಾಕುವ ಸಲಕರಣೆಯಿಂದ ರಾಜ್ಯೋತ್ಸವದ ವಿಶೇಷ ಮಾರಾಟದ ಪುಟವನ್ನು ನಡೆಸುತ್ತಾರೆ.

2008ರ ಫೆಬ್ರುವರಿಯಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ 8.3ನೇ ಆವೃತ್ತಿಯಲ್ಲಿ ಪಠ್ಯ ಹುಡುಕಾಟವನ್ನು ಒಳಗೇ ಸೇರಿಸಿಕೊಂಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಸಿಕ್ಕಿತು. ಸಿಹಿ ಹಂಚಿದೆವು. ಪೋಸ್ಟ್‌ಗ್ರೆಸ್‌ನಲ್ಲಿ ಭಾಷೆಗೊಂದು ವ್ಯವಸ್ಥೆ ಇರುತ್ತದೆ. ಪದದ ಬಾಲ ಕಳಚಿ ಮೂಲಕ್ಕೆ ಇಳಿಸುತ್ತದೆ. 2019ರ ಆವೃತ್ತಿಗೆ ತಮಿಳು ಬಂತು, ನೇಪಾಳಿ ಬಂತು. ಆಮೇಲೆ ಹಿಂದಿಯೂ ಬಂತು. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರೆಗೂ ಎಂದು ಬಾಲದ ಮೇಲೆ ಬಾಲ ಬೆಳೆಸುವ ಕನ್ನಡಕ್ಕೆ ಅಂಥದ್ದೊಂದು ಜೊತೆಯಲ್ಲಿ ಬರುವುದಿಲ್ಲ. ಹಾಗೆ ದಿಕ್ಕಿಲ್ಲದ ಭಾಷೆಗಳಿಗೆ ಇಟ್ಟಿರುವ ವ್ಯವಸ್ಥೆಯ ಹೆಸರು ‘ಸಿಂಪಲ್’. ದೆಹಲಿಯಲ್ಲಿ ಶಾಸ್ತ್ರೀಯ, ಪೋಸ್ಟ್‌ಗ್ರೆಸ್‌ನಲ್ಲಿ ಸಿಂಪಲ್. ಇದರಲ್ಲಿ ಪರದೇಶದವರನ್ನು ಬೈದು ಪ್ರಯೋಜನವಿಲ್ಲ. ಅದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬರೆದು ಕಳಿಸಬಹುದು. ಜಗತ್ತಿನ ಸಾಫ್ಟ್‌ವೇರನ್ನೆಲ್ಲ ನಾವೇ ಬರೆಯುತ್ತಿದ್ದೇವೆ ಎಂದು ವಿಮಾನ ನಿಲ್ದಾಣದಿಂದಲೇ ಫಲಕ ಹಾಕಿಕೊಂಡ ಊರು, ತನ್ನ ಭಾಷೆಯ ವಿಭಕ್ತಿ ಪ್ರತ್ಯಯ ಕಳಚುವ ನಾಲ್ಕು ಪುಟದ ಕೋಡನ್ನು ಬೇರೆ ಯಾರಾದರೂ ಬರೆದಾರೆಂದು ಕಾಯುತ್ತಿದೆ.

ಇದೇ ಬೆಂಗಳೂರಿಗೆ 1957ರಲ್ಲಿ ಎಸ್.ಆರ್. ರಂಗನಾಥನ್ ಬಂದು ನೆಲೆಸಿದ್ದರು. ಗಣಿತದ ಮೇಷ್ಟರಾಗಿದ್ದವರು ಗ್ರಂಥಪಾಲಕರಾಗಿ, 1933ರಲ್ಲಿ ಕೋಲನ್ ವರ್ಗೀಕರಣ ಕೊಟ್ಟವರು. 1962ರಲ್ಲಿ ಅವರು ಇಲ್ಲಿ ಶುರುಮಾಡಿದ ದಾಖಲೀಕರಣ ಕೇಂದ್ರ ಇವತ್ತಿಗೂ ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಆವರಣದಲ್ಲಿದೆ. ಪುಸ್ತಕದ ವರ್ಗಸಂಖ್ಯೆಯ ಒಂದೊಂದು ಕೊಂಡಿಯಿಂದಲೂ ಸೂಚಿಗೆ ಒಂದೊಂದು ನಮೂದು ಹುಟ್ಟಿಸುವ ‘ಸರಣಿ ಸೂಚೀಕರಣ’ ಅವರದೇ. ಸಂಬಂಧಗಳನ್ನು ಇಂಡೆಕ್ಸಿಗೆ ತರುವುದು ಹೇಗೆ ಎಂಬ ಪ್ರಶ್ನೆಗೆ, ಎಲಾಸ್ಟಿಕ್‌ಸರ್ಚ್ ಹುಟ್ಟುವ ದಶಕಗಳ ಮೊದಲೇ ಇಲ್ಲೊಬ್ಬರು ಉತ್ತರ ಬರೆದಿಟ್ಟಿದ್ದರು. ಹಳೆಯ ಗ್ರಂಥಾಲಯದ ಮರದ ಡ್ರಾಯರ್ ಎಳೆದರೆ ‘ಪುಟ್ಟಪ್ಪ, ಕೆ.ವಿ. — ಕುವೆಂಪು ನೋಡಿ’ ಎಂಬ ಕಾರ್ಡು ಇರುತ್ತಿತ್ತು. ‘ಅನಸೂಯ ಶಂಕರ್ — ತ್ರಿವೇಣಿ ನೋಡಿ’. ಆ ಕಾರ್ಡು ಬರೆದ ಗುಮಾಸ್ತರಿಗೆ ನೆಸ್ಟೆಡ್ ಗೊತ್ತಿರಲಿಲ್ಲ. ಓದುಗರು ಯಾವ ಹೆಸರು ಹಿಡಿದು ಬರುತ್ತಾರೆಂಬುದು ಗೊತ್ತಿತ್ತು. ಓದುಗನ ಸಮಯ ಉಳಿಸು ಎಂಬುದು ರಂಗನಾಥನ್ನರ ಐದು ಸೂತ್ರಗಳಲ್ಲಿ ನಾಲ್ಕನೆಯದು. ನಮ್ಮ ಹುಡುಗರು ದಿನಾ ಅದೇ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕಳೆದು, ಆ ಆವರಣದ ಗೇಟು ದಾಟಿ, ಕಚೇರಿಗೆ ಹೋಗಿ, ಸಮಾನಾರ್ಥಕ ಪದಗಳ ಕಡತದಲ್ಲಿ ಕುವೆಂಪು, ಪುಟ್ಟಪ್ಪ ಎಂದು ಒಂದು ಸಾಲು ಸೇರಿಸಬಹುದೇ ಎಂಬುದಕ್ಕೆ ಎಸ್ಟಿಮೇಟ್ ಕೊಡುತ್ತಾರೆ: ಎರಡು ಸ್ಪ್ರಿಂಟ್.

ಈಗ ಹೊಸ ಕನ್ಸಲ್ಟೆಂಟ್ ಬಂದಿದ್ದಾರೆ. ಹಳೆಯದೆಲ್ಲ ಬಿಡಿ, ಪದ ಹುಡುಕುವ ಕಾಲ ಮುಗಿಯಿತು, ಇನ್ನು ಅರ್ಥ ಹುಡುಕುವುದು, ವೆಕ್ಟರ್, ಎಐ ಎನ್ನುತ್ತಾರೆ. ಪ್ರತಿ ಪುಸ್ತಕವನ್ನೂ ನೂರಾರು ಅಂಕಿಗಳ ಸರವಾಗಿಸಿ, ಹತ್ತಿರದ ಸರಗಳನ್ನು ಹೆಕ್ಕಿ ಕೊಡುವ ವಿದ್ಯೆ. ವಿದ್ಯೆಯಲ್ಲಿ ದೋಷವಿಲ್ಲ. ಆದರೆ ಹತ್ತಿರದ್ದು ಎಂಬುದು ಯಾವತ್ತೂ ಏನೋ ಒಂದು ಇದ್ದೇ ಇರುತ್ತದೆ, ಎಷ್ಟೇ ದೂರವಾಗಿದ್ದರೂ. ಇಷ್ಟಕ್ಕಿಂತ ದೂರದ್ದು ಬೇಡ ಎಂದು ಗೆರೆ ಎಳೆಯುವವರು ಯಾರು ಎಂಬ ಪ್ರಶ್ನೆ ಮತ್ತೆ ಪಾರ್ಕಿಂಗ್ ಲಾಟ್‌ಗೆ ಹೋಯಿತು. ಆ ಸರ ಕಟ್ಟುವಾಗ ಲೇಖಕರ ಹೆಸರನ್ನು ಸೇರಿಸಿದ್ದಾರೆಯೇ ಎಂದು ಕೇಳಿದರೆ, “ಡಿಸ್ಕ್ರಿಪ್ಷನ್ ಕಾಲಂ ಮಾತ್ರ ಕೊಟ್ಟಿದ್ದೀವಿ ಸರ್, ಆಥರ್ ಬೇರೆ ಟೇಬಲ್‌ನಲ್ಲಿದೆ.” ಹೀಗಾಗಿ ‘ತ್ರಿವೇಣಿ’ ಎಂದರೆ ಪ್ರಯಾಗದ ಪ್ರವಾಸ ಕಥನ, ಗಂಗೆಯ ಶುದ್ಧೀಕರಣ ಕುರಿತ ವರದಿ ಮತ್ತು ಸ್ನಾನದ ಮಹತ್ವ ತಿಳಿಸುವ ಒಂದು ಕಿರುಹೊತ್ತಿಗೆ ಬರುತ್ತವೆ. ಇಲ್ಲ ಎಂದು ಸುಳ್ಳು ಹೇಳುತ್ತಿದ್ದ ಯಂತ್ರ ಈಗ ಇದೆ ಎಂದು ಸುಳ್ಳು ಹೇಳುತ್ತದೆ. ಆಡಳಿತ ಮಂಡಳಿಗೆ ತುಂಬ ಸಂತೋಷವಾಗಿದೆ. ‘ಫಲಿತಾಂಶ ಸಿಗದ ಹುಡುಕಾಟ’ಗಳ ಪ್ರಮಾಣ ಒಂದೇ ರಾತ್ರಿಯಲ್ಲಿ ಸೊನ್ನೆಗೆ ಇಳಿಯಿತು.

ಅಂದಹಾಗೆ, ಏನೂ ಸಿಗದೆ ವಾಪಸ್ ಹೋದವರು ಏನೇನು ಹುಡುಕಿದ್ದರು ಎಂಬ ಕಡತ ಒಂದು ಸರ್ವರಿನ ಮೂಲೆಯಲ್ಲಿ ತನ್ನಷ್ಟಕ್ಕೆ ಬೆಳೆಯುತ್ತಿತ್ತು. ಹೊಸದಾಗಿ ಸೇರಿದ ಒಬ್ಬ ಇಂಟರ್ನ್ ಹುಡುಗಿ ಮಾಡಲು ಕೆಲಸವಿಲ್ಲದೆ ಅದನ್ನು ತೆರೆದು ಓದಿದಳು. ಗ್ರಾಹಕರು ತಮಗೆ ಏನು ಬೇಕೆಂದು ತಾವೇ, ತಮ್ಮದೇ ಕಾಗುಣಿತದಲ್ಲಿ, ಬಿಟ್ಟಿಯಾಗಿ ಬರೆದುಕೊಟ್ಟ ಪಟ್ಟಿ ಅದು. ತ್ರಿವೇಣಿ, ತ್ರಿವೇಣಿ ಕಾದಂಬರಿ, ತ್ರೀವೇಣಿ, ಅನಸೂಯ ಶಂಕರ್, ಬೇಂದ್ರೆ, ದರಾಬೇಂದ್ರೆ, ಪುಟ್ಟಪ್ಪನವರ ಪುಸ್ತಕ, ಪೂಚಂತೇ, ಚಿದಂಬರ ರಹಸ್ಯ ಬರೆದವರ ಬೇರೆ ಪುಸ್ತಕ. ಯಾವ ಟೇಬಲ್‌ನಿಂದ ಏನನ್ನು ಇಂಡೆಕ್ಸಿಗೆ ತರಬೇಕೆಂಬ ಅಷ್ಟೂ ವಿವರ ಅದರಲ್ಲಿತ್ತು. ಅವಳು ಅಚ್ಚುಕಟ್ಟಾಗಿ ಒಂದು ಎಕ್ಸೆಲ್ ಮಾಡಿ ಲೀಡ್‌ಗೆ ಕಳಿಸಿದಳು. ಆ ಕಡತ ಎಷ್ಟು ಜಾಗ ತಿನ್ನುತ್ತಿದೆ ಎಂಬುದು ಆಗ ಅವರ ಗಮನಕ್ಕೆ ಬಂತು. ಅಳಿಸಿಹಾಕಿದರು. ಕ್ಲೌಡ್ ಖರ್ಚು ಇಳಿಸಿದ್ದಕ್ಕೆ ಆ ತ್ರೈಮಾಸಿಕದ ಸ್ಟಾರ್ ಪರ್ಫಾರ್ಮರ್ ಪ್ರಶಸ್ತಿ ಅವರಿಗೇ ಬಂತು. ಹುಡುಗಿಗೆ ಪ್ರಮಾಣಪತ್ರ ಕೊಟ್ಟರು, ಹೆಸರಿನ ಕಾಗುಣಿತ ತಪ್ಪಾಗಿತ್ತು.